ಅಧ್ಯಕ್ಷರ ಮನೆ ತಿರುವು

ಬೋರಯ್ಯ: ರಸ್ತೆ ಇಚಾರ ಕಲ್ತ್ಕೊಂಡು ಬಾ ಅಂತ ಮಂಡ್ಯಕ್ಕೆ ಕಳ್ಸಿದ್ರೆ, ನಮ್ಮನೆ ಕಾಂಪೌಂಡಿಗೇ ಸುಣ್ಣದ ಗೆರೆ ಎಳ್ಸಿದ್ದೀಯಲ್ಲಮ್ಮಿ! ಇದೇನಾ ನೀನು ಕಲ್ತಿದ್ದು?

ಮಂಗಳಮ್ಮ: ಊಂ, ಇದ್ನೇ. ತಿರುವಲ್ಲಿ ಎದುರಿಂದ ಬರೋನು ದೂರದಿಂದ್ಲೇ ಕಾಣ್ಬೇಕು. ಕಂಡ್ಮೇಕೆ ಬ್ರೇಕ್ ಒತ್ತಿ ನಿಲ್ಸೋಕೂ ಜಾಗ ಬೇಕು. ಈಗ ನಮ್ಮ ಗೋಡೆ ಅಡ್ಡ ನಿಂತದೆ.

ದುದ್ದದ ಪಕ್ಕದ ಆ ಹಳ್ಳಿಯಲ್ಲಿ ಪಂಚಾಯ್ತಿ ಅಧ್ಯಕ್ಷೆ ಮಂಗಳಮ್ಮ. ಅಧ್ಯಕ್ಷಗಿರಿ ನಡೆಸುತ್ತಿದ್ದವನು ಗಂಡ ಬೋರಯ್ಯ. ರಸ್ತೆ ವಿನ್ಯಾಸದ ತರಬೇತಿಗೂ ಅವನೇ ಹೊರಟು ನಿಂತಿದ್ದ. ಅಲ್ಲಿ ಮಧ್ಯಾಹ್ನಕ್ಕೆ ಬಾಡೂಟವಿಲ್ಲ, ಬರೀ ಅನ್ನ-ಸಾರು ಎಂದು ತಿಳಿದ ಮೇಲೆ ಹೆಂಡತಿಯನ್ನು ಕಳಿಸಿದ್ದ. ಎಡವಟ್ಟಾಗಿದ್ದು ಅಲ್ಲೇ ಎಂದು ಈಗ ಅವನಿಗೆ ಅರ್ಥವಾಗುತ್ತಿತ್ತು.

ಬೋರಯ್ಯ: ರಸ್ತೇನೇ ಆ ಕಡೀಕೆ ಸರ್ಸಿದ್ರಾಯ್ತು. ಮರಿಯಯ್ಯನ ಗದ್ದೆ ಇಲ್ವಾ?

ಮಂಗಳಮ್ಮ: ಆ ಕಡೆ ಸರ್ಸಿದ್ರೆ ತಿರುವು ಇನ್ನೂ ಬಿಗಿಯಾಯ್ತದೆ. ತಿರುವು ದೊಡ್ಡ ಬಳೆ ಥರ ಬಾಗ್ಬೇಕು, ಉಂಗುರದ ಥರ ಅಲ್ಲ.

ಬೋರಯ್ಯ: ಆ ಮರಿಯಯ್ಯ ನಮ್ಗೆ ಓಟೇ ಆಕ್ನಿಲ್ಲ. ಅದ್ನ ಏಳ್ಕೊಡ್ನಿಲ್ವಾ ಅಲ್ಲಿ?

ಮಂಗಳಮ್ಮ: ಎದ್ರಿಗೆ ಬರೋ ಲಾರಿ ಯಾರ್ಗೆ ಓಟು ಆಕ್ದೆ ಅಂತ ಕೇಳಾಕಿಲ್ಲ.

ಟೇಪು ಹಿಡಿದು ಅಳೆಯುತ್ತಿದ್ದ ಇಂಜಿನಿಯರ್ ರವಿಚಂದ್ರ ನಗು ನುಂಗಿಕೊಂಡ. ಬೋರಯ್ಯ ಅವನತ್ತ ತಿರುಗಿದ.

ಬೋರಯ್ಯ: ಸಾ, ನೀವು ಓದಿರೋರು. ಇವಳ್ಗೆ ಒಸಿ ಬುದ್ಧಿ ಏಳಿ.

ರವಿಚಂದ್ರ: ಮೇಡಂ ಹೇಳ್ತಿರೋದೇ ಸರಿ ಯಜಮಾನ್ರೇ. ಜೊತೆಗೆ ತಿರುವಿನ ಹೊರಗಡೆ ಅಂಚನ್ನ ಸ್ವಲ್ಪ ಎತ್ತರಿಸ್ತೀವಿ, ಗಾಡಿ ಆಚೆಗೆ ಎಳೀಬಾರ್ದು ಅಂತ.

ಬೋರಯ್ಯ: ಏನಂದ್ರಿ? ಮರಿಯಯ್ಯನ ಕಡೆ ಎತ್ರ, ಅಧ್ಯಕ್ಷರ ಕಡೆ ತಗ್ಗಾ? ನಮ್ಗೆ ಮಾನ ಮರ್ವಾದೆ ಇಲ್ವಾ? ನಮ್ ಕಡೇನೇ ಎತ್ರ ಮಾಡಿ!

ರವಿಚಂದ್ರ: ಹಂಗೆ ಮಾಡಿದ್ರೆ ಗಾಡಿಗಳೆಲ್ಲ ಮರಿಯಯ್ಯನ ಗದ್ದೆಗೆ ಹೋಗಿ ಬೀಳ್ತವೆ.

ಬೋರಯ್ಯ: ಬೀಳ್ಲಿ ಬುಡಿ!

ಗದ್ದೆ ಬದುವಿನ ಮೇಲೆ ಕುಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮರಿಯಯ್ಯ ಕೆಮ್ಮಿದ. ಬೋರಯ್ಯನಿಗೆ ಇನ್ನೂ ರೇಗಿತು.

ಬೋರಯ್ಯ: ಈ ತಿರುವಲ್ಲಿ ಕಣ್ಮುಚ್ಕೊಂಡು ಗಾಡಿ ಓಡ್ಸಿವ್ನಿ ನಾನು. ನೋಡ್ತಿರಿ, ಈಗ್ಲೂ ಓಡುಸ್ತೀನಿ!

ಮಂಗಳಮ್ಮ: ಬ್ಯಾಡ, ಸುಮ್ಕಿರಿ. ಇದು ಕಬ್ಬಿನ ಗಾಡಿ ಬರೋ ಒತ್ತು.

ಆದರೆ ಬೋರಯ್ಯ ಆಗಲೇ ಮೊಪೆಡ್ ಹತ್ತಿ ಅರಳಿಕಟ್ಟೆವರೆಗೂ ಹೋಗಿದ್ದ. ಅಲ್ಲಿಂದ ತಿರುಗಿಸಿಕೊಂಡು, ಎದೆಯುಬ್ಬಿಸಿ, ಹಾರನ್ ಬಾರಿಸುತ್ತ ಗೋಡೆ ಪಕ್ಕದಲ್ಲೇ ಬಂದ. ಗೋಡೆ ಮುಗಿಯಿತು, ಎದುರಿಗೆ ರಸ್ತೆಯೇ ಇಲ್ಲ, ಬರೀ ಕಬ್ಬು! ಟ್ರಾಕ್ಟರಿನವನು ಕಿರುಚಿದ, ಬೋರಯ್ಯನೂ ಕಿರುಚಿದ. ಹ್ಯಾಂಡಲ್ ತಾನಾಗಿಯೇ ತಿರುಗಿತು. ಕಣ್ಣು ಬಿಟ್ಟಾಗ ಅವನು ಮರಿಯಯ್ಯನ ಗದ್ದೆಯ ಕೆಸರಲ್ಲಿ ಕುಂತಿದ್ದ.

ಮರಿಯಯ್ಯ: ಬೋರಣ್ಣ, ರಸ್ತೆ ಬರ್ಲಿ ತಡಿ ಅಂದ್ರೆ ನೀನೇ ಮೊದ್ಲು ಬಂದ್ಬುಟ್ಯಲ್ಲ! ಕೈ ಕೊಡು, ಏಳು ಮ್ಯಾಕೆ.

ಬೋರಯ್ಯ ಆ ಕೈ ಹಿಡಿದು ಎದ್ದ. ಮಂಗಳಮ್ಮ ಓಡಿ ಬಂದು ಸೆರಗಿನಿಂದ ಅವನ ಮುಖ ಒರೆಸಿದಳು.

ಬೋರಯ್ಯ: ಕಾಣಿಸ್ನಿಲ್ಲ ಕಣಮ್ಮಿ. ಅಷ್ಟು ದೊಡ್ಡ ಟ್ರಾಕ್ಟ್ರು, ನಂಗೆ ಕಾಣಿಸ್ನೇ ಇಲ್ಲ.

ಮಂಗಳಮ್ಮ: ಏಟು ಬಿತ್ತಾ?

ಬೋರಯ್ಯ: ಇಲ್ಲ. ಗೋಡೆ ಕೆಡವ್ಸು.

ಅಷ್ಟರಲ್ಲಿ ಅರ್ಧ ಊರೇ ಬಂದು ರಸ್ತೆಯಲ್ಲಿ ನಿಂತಿತ್ತು. ಜನ ಕಂಡದ್ದೇ ತಡ, ಬೋರಯ್ಯನ ಬೆನ್ನು ನೆಟ್ಟಗಾಯಿತು. ಕೆಸರು ಕೊಡವಿಕೊಂಡು ಹೆಂಡತಿಯ ಮುಂದಕ್ಕೆ ಬಂದು ನಿಂತ.

ಬೋರಯ್ಯ: ನೋಡ್ರಪ್ಪಾ, ಜನಗಳ ಒಳ್ಳೇದಕ್ಕೆ ಅಂತ ನಾನು ಒಂದು ತೀರ್ಮಾನ ತಕ್ಕೊಂಡಿವ್ನಿ...

ಮಂಗಳಮ್ಮ: ಒಸಿ ಪಕ್ಕಕ್ಕೆ ಬನ್ನಿ. ನೀವು ಅಡ್ಡ ನಿಂತ್ರೆ ಅಧ್ಯಕ್ಷೆ ಯಾರ್ಗೂ ಕಾಣಾಕಿಲ್ಲ.