ಸಾರವಾಡದ ಮೂರು ಪಾಯಿಂಟು

ಅಣ್ಣಾಸಾಹೇಬ: ಇನ್ನೊಬ್ಬರ ಹಿಂದ ಅಡಗಿಕೊಂಡು ಬಂದು ಕಡೀಕ ಮುಂದ ಹಾಯೋನಿಗೆ ನಮ್ಮ ಕಡೆ ಏನಂತಾರ ಗೊತ್ತೈತಿಲ್ಲೋ?

ಶ್ರೀಶೈಲ್: ಗೆದ್ದಾಂವ ಅಂತಾರ.

ಅಣ್ಣಾಸಾಹೇಬ: ಕಳ್ಳ ಅಂತಾರ.

ಶ್ರೀಶೈಲ್: ಕಳ್ಳಗ ಢಾಲು ಕೊಡಂಗಿಲ್ಲ. ನನಗ ಕೊಟ್ಟಾರ.

ಟಿವಿಯಲ್ಲಿ ಓಡುತ್ತಿದ್ದವರಿಗೂ ಬಹುಮಾನದ ಈ ಢಾಲಿಗೂ ಸಂಬಂಧವಿರಲಿಲ್ಲ. ಎಲ್ಲೋ ಯುರೋಪಿನ ಮಂಜುಗಡ್ಡೆಯ ಮೇಲೆ ಹದಿನಾರು ಜನ ಗಂಡಸರು ಮೈಗಂಟಿದ ಅಂಗಿ ತೊಟ್ಟು, ಬೆನ್ನು ಬಗ್ಗಿಸಿ, ಗುಂಪಾಗಿ ಸ್ಕೇಟಿಂಗ್ ಮಾಡುತ್ತ ಸುತ್ತುತ್ತಿದ್ದರು. ಪ್ಲೇನೋ ಊರಿನಲ್ಲಿರುವ ಅಣ್ಣಾಸಾಹೇಬನ ಮೊಮ್ಮಗಳು ದಿಯಾ ಮಾಲಿನಲ್ಲಿ ಸ್ಕೇಟಿಂಗ್ ಕಲಿಯುತ್ತಾಳೆ. ವಿಶ್ವ ಚಾಂಪಿಯನ್‌ಶಿಪ್ಪಿನ ‘ಮಾಸ್ ಸ್ಟಾರ್ಟ್’, ಎಲ್ಲರೂ ಒಟ್ಟಿಗೇ ಹೊರಡುವ ರೇಸು, ತಪ್ಪಿಸಬೇಡಿ ಎಂದು ಅಜ್ಜನಿಗೆ ಫೋನು ಮಾಡಿದ್ದಳು. ಅಣ್ಣಾಸಾಹೇಬ ಮೊಮ್ಮಗಳ ಮಾತು ಮೀರುವವನಲ್ಲ. ಊರಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ತೈಲ ಕಂಪನಿಯಿಂದ ನಿವೃತ್ತನಾದ ಶ್ರೀಶೈಲ್ ಅಣ್ಣಾಸಾಹೇಬನ ಮನೆಯ ಚಹಾ ಮೀರುವವನಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಎಂಟಕ್ಕೇ ಇಬ್ಬರೂ ಹ್ಯೂಸ್ಟನ್ನಿನ ಆ ಮನೆಯ ಸೋಫಾದ ಎರಡು ತುದಿ ಹಿಡಿದಿದ್ದರು.

ಮೂರನೇ ಸುತ್ತಿಗೇ ಜಗಳ ವಿಜಾಪುರ ಮುಟ್ಟಿತ್ತು. ನಲವತ್ತು ವರ್ಷದ ಹಿಂದೆ ದಸರೆಯ ಸೈಕಲ್ ರೇಸಿನಲ್ಲಿ, ವಿಜಾಪುರದಿಂದ ಸಾರವಾಡ ಹಾಯ್ದು ಬಬಲೇಶ್ವರಕ್ಕೆ ಹೋಗಿ ಬರುವಷ್ಟು ದಾರಿಯನ್ನೂ ಅಣ್ಣಾಸಾಹೇಬನೇ ಮುಂದಿದ್ದು ಗಾಳಿ ಸೀಳುತ್ತ ಬಂದಿದ್ದ. ಅವನ ಹಿಂದಿನ ಗಾಲಿಗೆ ಒಂದು ಗೇಣು ಬಿಟ್ಟು ಕೂತಿದ್ದ ಶ್ರೀಶೈಲ್ ಕೊನೆಯ ನೂರು ಮೀಟರಿನಲ್ಲಿ ಪಕ್ಕಕ್ಕೆ ಸರಿದು, ಮುಂದೆ ಹಾಯ್ದು, ಢಾಲು ಎತ್ತಿದ್ದ. ಅಣ್ಣಾಸಾಹೇಬನಿಗೆ ಆ ಢಾಲು ಬೇಕಿರಲಿಲ್ಲ. ‘ನಿನ್ನ ಬೆನ್ನಿನಿಂದ ಗೆದ್ದೆ’ ಎನ್ನುವ ಒಂದೇ ಒಂದು ಮಾತು ಬೇಕಿತ್ತು. ಅದನ್ನು ಹೇಳಿಸಲು ಉಳಿದದ್ದು ಒಂದು ವಾರ. ಬರುವ ಶನಿವಾರ ಶ್ರೀಶೈಲ್ ಈ ಊರು ಬಿಟ್ಟು, ಆಸ್ಟಿನ್ನಿನಾಚೆ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿರುವ ಮಗನ ಹತ್ತಿರ ಹೊರಟಿದ್ದ. ಹೆಂಡತಿ ಉಷಾರಾಣಿ ಆಗಲೇ ಹೋಗಿ ಅಡುಗೆಮನೆ ಜೋಡಿಸುತ್ತಿದ್ದಳು. ಹೋದಮೇಲೆ ಫೋನಿನಲ್ಲಿ ಕೇಳಿದರೆ, ಸರಿಯಾಗಿ ಅದೇ ಮಾತಿಗೆ ‘ಕೇಳಸವಲ್ತು’ ಎನ್ನುವ ಪೈಕಿ ಇವನು.

ಅಣ್ಣಾಸಾಹೇಬನ ಹೆಂಡತಿ ಮಲ್ಲವ್ವ ಕೆಳಗೆ ಕೂತು, ಶ್ರೀಶೈಲನ ಹೊಸ ಮನೆಗೆ ಚಟ್ನಿಪುಡಿ ಮಾಡಿಕೊಡಲೆಂದು ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದಳು.

ಅಣ್ಣಾಸಾಹೇಬ: ಆ ನೀಲಿ ಅಂಗ್ಯಾಂವನ್ನ ನೋಡು. ಎಲ್ಲಾರಕಿಂತ ಮುಂದ ಅದಾನ. ಗಂಡಸು.

ಶ್ರೀಶೈಲ್: ಅವನ ಹಿಂದಿನ ಬಿಳಿ ಅಂಗ್ಯಾಂವನ್ನ ನೋಡು. ಶಾಣ್ಯಾ.

ಮಲ್ಲವ್ವ: ಒಬ್ಬನs ಎರಡೂ ಇರಾಕ ಬರಂಗಿಲ್ಲೇನ್ರಿ?

ಇಬ್ಬರೂ ಕೇಳಿಸದವರಂತೆ ಚಹಾ ಕುಡಿದರು. ಅಷ್ಟರಲ್ಲಿ ಟಿವಿಯಲ್ಲಿ ಗಂಟೆ ಬಾರಿಸಿತು. ಗುಂಪಿಗೆ ಗುಂಪೇ ಜೋರು ಹಿಡಿಯಿತು. ಸುತ್ತು ಮುಗಿಯುವಾಗ ನೀಲಿ ಅಂಗಿಯವನೇ ಗೆರೆಯನ್ನು ಮೊದಲು ದಾಟಿದ. ಅಣ್ಣಾಸಾಹೇಬ ಕಪ್ಪು ಕೆಳಗಿಟ್ಟು ಎದ್ದು ನಿಂತ.

ಅಣ್ಣಾಸಾಹೇಬ: ಮುಗೀತು. ಗೆದ್ದ. ಸತ್ಯಕ್ಕ ಸಾವಿಲ್ಲ.

ಶ್ರೀಶೈಲ್: ಇನ್ನ ಹನ್ನೆರಡು ಸುತ್ತು ಅದಾವ. ಕೂಡು.

ಅಣ್ಣಾಸಾಹೇಬ: ಮತ್ತ ಗಂಟಿ ಯಾಕ ಹೊಡದ್ರು?

ಮಲ್ಲವ್ವ: ಊಟಕ್ಕ ಬಿಟ್ಟಿರಬೇಕು.

ದಿಯಾ ರೇಸಿನ ನಿಯಮಗಳನ್ನು ಫೋನಿಗೆ ಕಳಿಸಿದ್ದಳು. ಶ್ರೀಶೈಲ್ ಚಾಳೀಸಿನ ಕನ್ನಡಕ ಏರಿಸಿ ಓದಿ ಹೇಳಿದ. ಒಟ್ಟು ಹದಿನಾರು ಸುತ್ತು. ನಾಲ್ಕು, ಎಂಟು, ಹನ್ನೆರಡನೇ ಸುತ್ತಿನಲ್ಲಿ ಮೊದಲು ಗೆರೆ ದಾಟಿದವನಿಗೆ ಮೂರು ಪಾಯಿಂಟು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು. ಕಟ್ಟಕಡೆಗೆ ಮೊದಲು ಬಂದವನಿಗೆ ಅರವತ್ತು, ಆಮೇಲಿನವನಿಗೆ ನಲವತ್ತು, ಹೀಗೆ ಇಳಿಯುತ್ತ ಆರನೆಯವನಿಗೆ ಮೂರಕ್ಕೆ ಮುಗಿಯುತ್ತದೆ. ಅಣ್ಣಾಸಾಹೇಬನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಅಣ್ಣಾಸಾಹೇಬ: ಅಂದ್ರ ದಾರ್ಯಾಗ ಮುಂದ ಇದ್ದಾಂವಗೂ ಲೆಕ್ಕ ಐತಿ.

ಶ್ರೀಶೈಲ್: ಇಲ್ಲಿ ಐತಿ.

ಅಣ್ಣಾಸಾಹೇಬ: ಹೋಗುಮುಂದ ಸಾರವಾಡದಾಗ ನಾ ಮುಂದ. ಮೂರು. ಬಬಲೇಶ್ವರದಾಗ ತಿರುಗುಮುಂದ ನಾನs, ಮೂರು. ಬರುಮುಂದ ಮತ್ತ ಸಾರವಾಡ, ಮೂರು. ಒಂಬತ್ತಾತು.

ಶ್ರೀಶೈಲ್: ಕಡೀಕ ಎರಡನೇದಾಂವ ಆಗಿದ್ದಕ್ಕ ನಲವತ್ತು ಕೂಡಿಸಿಕೋ. ನಲವತ್ತೊಂಬತ್ತು.

ಅಣ್ಣಾಸಾಹೇಬ: ನಿನಗ?

ಶ್ರೀಶೈಲ್: ಅರವತ್ತಾರು. ಮೂರೂ ಕಡೆ ನಾ ಎರಡನೇದಾಂವ ಇದ್ದೆ.

ಅಣ್ಣಾಸಾಹೇಬ: ಒಪ್ಪಿಕೊಂಡಿ. ನನ್ನ ಹಿಂದ ಇದ್ದೆ ಅಂತ ನಿನ್ನ ಬಾಯಿಲೇ ಒಪ್ಪಿಕೊಂಡಿ.

ಶ್ರೀಶೈಲ್: ಹಿಂದ ಇದ್ದೆ ಅಂದೆ. ನಿನ್ನಿಂದ ಗೆದ್ದೆ ಅನಲಿಲ್ಲ.

ಎಂಟನೇ ಸುತ್ತಿಗೂ ನೀಲಿಯವನೇ ಮೊದಲು, ಹನ್ನೆರಡಕ್ಕೂ ಅವನೇ. ಇಷ್ಟು ಜನರಲ್ಲಿ ಉಳಿದವರೇಕೆ ಮುಂದೆ ಹೋಗುವುದಿಲ್ಲ ಎಂದು ಮಲ್ಲವ್ವ ಕೇಳಿದಳು. ಮುಂದಿರುವವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದಿರುವವನ ಶಕ್ತಿ ಉಳಿಯುತ್ತದೆ ಎಂದು ಶ್ರೀಶೈಲ್ ಮೇಷ್ಟರಂತೆ ವಿವರಿಸಿದ.

ಮಲ್ಲವ್ವ: ಹಂಗ ಹಿಂದ ಅಡಗಿದಾಂವ ಎದುರಿಗೆ ನಿಂತವರಿಗೆ ಕಾಣತಾನೇನ್ರಿ?

ಶ್ರೀಶೈಲ್: ಕಾಣಬಾರದು ವೈನಿ. ಗಾಳಿಗೂ ಕಾಣಬಾರದು. ಅದs ಕಲಾ.

ಕೊನೆಯ ಸುತ್ತಿನ ಗಂಟೆ ಬಾರಿಸಿತು. ನೀಲಿಯವನ ಕಾಲು ಸೋತವು. ಬಿಳಿ ಅಂಗಿಯವನು ಅವನ ಬೆನ್ನ ಹಿಂದಿನಿಂದ ಹೊರಗೆ ಬಂದು, ಒಮ್ಮೆಯೂ ಅತ್ತಿತ್ತ ನೋಡದೆ ಹೊರಟುಹೋದ. ಒಬ್ಬೊಬ್ಬರಾಗಿ ಉಳಿದವರೂ ದಾಟಿದರು. ನೀಲಿಯವನು ಹದಿನಾಲ್ಕನೆಯವನಾಗಿ ಗೆರೆ ಮುಟ್ಟಿ, ಮೊಣಕಾಲ ಮೇಲೆ ಕೈಯೂರಿ ನಿಂತ. ನಲವತ್ತು ವರ್ಷದ ಹಿಂದೆ ತಾನು ಹೀಗೆಯೇ ನಿಂತಿದ್ದು ಅಣ್ಣಾಸಾಹೇಬನಿಗೆ ನೆನಪಿತ್ತು.

ಆಮೇಲೆ ಪಟ್ಟಿ ಬಂತು. ದಾರಿಯ ಒಂಬತ್ತು ಪಾಯಿಂಟಿನಿಂದ ಹದಿನಾಲ್ಕನೆಯವನು ಐದನೆಯವನಾಗಿದ್ದ.

ಅಣ್ಣಾಸಾಹೇಬ: ನೋಡಿದೇನು? ಜಗತ್ತಿಗೆ ಜಗತ್ತs ಒಪ್ಪೈತಿ, ನೀ ಒಬ್ಬಾಂವ ಒಪ್ಪವಲ್ಲಿ. ಶೈಲ್ಯಾ, ಇನ್ನೊಂದು ವಾರ. ಒಂದು ಮಾತು ಅಂದು ಹೋಗು.

ಶ್ರೀಶೈಲ್: ಅವರದು ಅವರಿಗಿರಲಿ. ನಮ್ಮ ರೇಸಿನ್ಯಾಗ ಪಾಯಿಂಟು ಇರಲಿಲ್ಲ. ಸಾರವಾಡದಾಗ ಮುಂದ ಇದ್ದಾಂವಗ ಯಾರೂ ಏನೂ ಕೊಡಲಿಲ್ಲ.

ಮಲ್ಲವ್ವ: ಕೊಟ್ಟಾರಲ್ರಿ, ಶೈಲಣ್ಣ.

ಶ್ರೀಶೈಲ್: ಏನು ಕೊಟ್ಟಾರ?

ಮಲ್ಲವ್ವ: ನನ್ನ.

ಟಿವಿಯಲ್ಲಿ ಯಾವುದೋ ದೇಶದ ರಾಷ್ಟ್ರಗೀತೆ ಶುರುವಾಯಿತು. ಅಣ್ಣಾಸಾಹೇಬ ಅದರ ದನಿ ಅಡಗಿಸಿದ.

ಮಲ್ಲವ್ವ ಸಾರವಾಡದವಳು. ಆ ದಿನ ಅವಳಪ್ಪ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ನಿಂತು ರೇಸು ನೋಡಿದನಂತೆ. ಹೋಗುವಾಗಲೂ ಒಬ್ಬನೇ ಮುಂದೆ, ಬರುವಾಗಲೂ ಅವನೇ ಮುಂದೆ. ಹುಡುಗನ ಹೆಸರು ಕೇಳಿಕೊಂಡ. ಎತ್ತಿಗೆ ನೀರು ಕುಡಿಸುವ ಹೊತ್ತಾಗಿದ್ದರಿಂದ ವಿಜಾಪುರದ ತನಕ ಹೋಗಿ ನೋಡಲಿಲ್ಲ. ಎಂಟನೇ ದಿನಕ್ಕೆ ಅಣ್ಣಾಸಾಹೇಬನ ಮನೆಗೆ ಹಿರಿಯರನ್ನು ಕಳಿಸಿದ.

ಮಲ್ಲವ್ವ: ನಮ್ಮ ಅಳಿಯ ರೇಸ್ ಗೆದ್ದಾಂವ ಅಂತ ಸಾಯೂತನಕ ಊರೆಲ್ಲ ಹೇಳಿಕೋತ ಅಡ್ಡಾಡಿದ. ಅಕ್ಕಿಕಾಳು ಬಿದ್ದು ಮದುವಿ ಆದ ಮ್ಯಾಲ ನನಗ ಖರೇ ಸಂಗತಿ ತಿಳೀತು. ಅವಗ ಹೇಳಾಕ ಮನಸ್ಸಾಗಲಿಲ್ಲ.

ಅಣ್ಣಾಸಾಹೇಬ ಇಷ್ಟು ದಿನವೂ ತನ್ನ ಮೀಸೆ ನೋಡಿ ಹೆಣ್ಣು ಕೊಟ್ಟರೆಂದು ನಂಬಿದ್ದ. ಮೀಸೆಯ ಹೆಗ್ಗಳಿಕೆ ಹೋದದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ. ತಾನು ಸೀಳಿದ ಗಾಳಿ ದಂಡವಾಗಿರಲಿಲ್ಲ ಎಂದು ತಿಳಿದು ಎದೆ ತುಂಬಿಬಂತು.

ಶ್ರೀಶೈಲ್: ವೈನಿ, ನಾನೂ ಅಲ್ಲೇ ಇದ್ದೆ. ಒಂದs ಗೇಣು ಹಿಂದ.

ಮಲ್ಲವ್ವ: ಗಾಳಿಗೂ ಕಾಣದಾಂವ ನಮ್ಮಪ್ಪಗ ಹೆಂಗ ಕಾಣಬೇಕ್ರಿ?

ಶ್ರೀಶೈಲ್ ಚಾಳೀಸು ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಬಾಯಿ ತೆರೆದಾಗ ಅವನು ಅಣ್ಣಾಸಾಹೇಬನ ಕಡೆ ನೋಡದೆ ಟಿವಿಯ ಕಡೆ ನೋಡುತ್ತಿದ್ದ.

ಶ್ರೀಶೈಲ್: ಆಸ್ಟಿನ್ ಹತ್ತರ ಆ ಟೋಲ್ ರಸ್ತೆಗೋಳು ನನಗ ತಿಳಿಯಂಗಿಲ್ಲ. ಶನಿವಾರ ನಿನ್ನ ಗಾಡಿ ತಗೊಂಡು ಮುಂದ ನಡಿ. ನಾ ಹಿಂದ ಬರತೀನಿ.

ಅಣ್ಣಾಸಾಹೇಬ: ನಾ ಯಾಕ ಮುಂದ?

ಶ್ರೀಶೈಲ್: ನಿನ್ನ ಬೆನ್ನು ನೋಡಿಕೋತ ಬಂದ್ರ ಮುಟ್ಟತೀನಿ. ಅವತ್ತೂ ಹಂಗs ಮುಟ್ಟಿದ್ದೆ. ಇಲ್ಲಂದ್ರ ಬಬಲೇಶ್ವರದಾಗs ಸೈಕಲ್ ಬಿಟ್ಟು ಬಸ್ ಹತ್ತತಿದ್ದೆ.

ನಲವತ್ತು ವರ್ಷ ಕಾದ ಮಾತು ಸಿಕ್ಕಿತ್ತು. ಅಣ್ಣಾಸಾಹೇಬ ಶೇಂಗಾದ ಬುಟ್ಟಿಯಿಂದ ಒಂದು ಮುಷ್ಟಿ ತೆಗೆದು ಶ್ರೀಶೈಲನ ಕೈಗೆ ಹಾಕಿದ.

ಅಣ್ಣಾಸಾಹೇಬ: ಟೇಲರ್ ಬೋರ್ಡು ಕಂಡಕೂಡ್ಲೆ ಮುಂದ ಹಾಯಬ್ಯಾಡ ಮತ್ತ.

ಶ್ರೀಶೈಲ್: ಮಾತು ಕೊಡಂಗಿಲ್ಲ.

ಮಲ್ಲವ್ವ ಸೆರಗು ಕೊಡವಿ ಎದ್ದಳು.

ಮಲ್ಲವ್ವ: ಚಟ್ನಿಪುಡಿ ಡಬ್ಬಿ ಹಿಡಕೊಂಡು ನಾ ಶೈಲಣ್ಣನ ಗಾಡ್ಯಾಗ ಕೂಡತೀನ್ರಿ.

ಅಣ್ಣಾಸಾಹೇಬ: ನನ್ನ ಗಾಡಿಗೆ ಏನಾಗೈತಿ?

ಮಲ್ಲವ್ವ: ಹೋದ ಸಲ ನಮ್ಮಪ್ಪ ಅರ್ಧಾ ದಾರ್ಯಾಗ ನೋಡಿ ಆರಿಸಿದ. ಈ ಸಲ ನಾ ಟಿವ್ಯಾಗ ಕಡೀತನಕ ಪೂರಾ ರೇಸ್ ನೋಡೇನಿ.