ಲಡಾಖಿಗೆ ಹೋದ ನಮ್ಮವರೂ ನಾನು ಬಿಟ್ಟ ಬೈಗುಳವೂ

ಸಿಟ್ಟು ನುಂಗಿದರೆ ಪುಣ್ಯ ಬರುತ್ತದೆ ಎಂದು ಶ್ರಾವಣದ ಪುರಾಣದಲ್ಲಿ ಹೇಳುವ ಸ್ವಾಮಿಗಳಿಗೆ ನನ್ನದೊಂದು ವಿನಂತಿ. ನಮ್ಮ ಮನೆಯಲ್ಲಿ ಒಂದು ತಿಂಗಳು ಇದ್ದು ನೋಡಲಿ, ಪುಣ್ಯದ ಮಾತು ಆಮೇಲೆ ಆಡೋಣ. ನಾನು ನುಂಗಿದ್ದೇನೆ. ಬಂದದ್ದು ಪುಣ್ಯವಲ್ಲ, ಎದೆಯುರಿ. ಹಾಗಂತ ನಾನು ದೇವರನ್ನು ದೂರುವ ಹೆಂಗಸಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತೇ, ಅವನ ದಯೆ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿತ್ತೇ, ಅವನ ದಯೆ. ಬಡಿದ ರೊಟ್ಟಿ ಹರಿಯದೆ ಹೆಂಚಿನ ಮೇಲೆ ಕೂತರೆ ಅದೂ ದಯೆಯೇ. ಹೀಗೆ ಸಣ್ಣ ಸಣ್ಣ ದಯೆಗಳನ್ನು ಹೆಕ್ಕಿಕೊಂಡು ನನ್ನ ಪಾಡಿಗೆ ನಾನು ಇದ್ದೆ. ಇಂಥ ನನ್ನನ್ನು ಕೆಂಡದ ಮೇಲೆ ಕೂರಿಸಿದ್ದು, ನಾನು ಕಣ್ಣಿಂದಲೂ ನೋಡದ, ನೋಡುವ ಆಸೆಯೂ ಇಲ್ಲದ ಲಡಾಖ್.

ನಮ್ಮವರಿಗೆ ಕೊಟ್ಟೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ವಯಸ್ಸು ಐವತ್ತು ದಾಟಿದೆ. ಅವರಿಗೊಂದು ಸೊಂಟವಿದೆ. ಸೊಂಟ ಎಲ್ಲರಿಗೂ ಇರುತ್ತದೆ, ಆದರೆ ಇವರದು ಬೇಕಾದಾಗ ನೋಯುತ್ತದೆ, ಬೇಡವಾದಾಗ ಸುಮ್ಮನಿರುತ್ತದೆ. ಬಾಗಳಿಯ ಕಲ್ಲೇಶ್ವರನ ಗುಡಿಗೆ ಒಮ್ಮೆ ಬೈಕಿನ ಮೇಲೆ ಕರೆದುಕೊಂಡು ಹೋಗಿರಿ ಎಂದು ನಾನು ಎಷ್ಟು ವರ್ಷದಿಂದ ಕೇಳಿದ್ದೇನೋ ಆ ಕಲ್ಲೇಶ್ವರನಿಗೇ ಗೊತ್ತು. ಪ್ರತಿ ಸಲವೂ ಒಂದೇ ಉತ್ತರ: “ಸೊಂಟ ಹಿಡಕೊಂಡೈತಿ. ಆ ರಸ್ತಿ ತಗ್ಗು-ದಿನ್ನಿ, ನನ್ನ ಕೈಲಿ ಆಗಂಗಿಲ್ಲ. ಬಸ್ಸಿಗೆ ಹೋಗಿ ಬಾ.” ನಾನು ಬಸ್ಸಿಗೇ ಹೋಗಿ ಬಂದೆ. ಬಂದವಳೇ ಅವರ ಸೊಂಟಕ್ಕೆ ಎಣ್ಣೆಯನ್ನೂ ತಿಕ್ಕಿದೆ.

ಈ ವರ್ಷ ಶ್ರಾವಣ ಹುಟ್ಟುವ ಮುಂಚೆ ಒಂದು ಸಂಜೆ ಮಂಡಕ್ಕಿ ತಿನ್ನುತ್ತಾ ಅವರೇ ಬಾಯಿಬಿಟ್ಟರು. “ನಾವು ಐದು ಮಂದಿ ಬೈಕ್ ಮ್ಯಾಲ ಲಡಾಖಿಗೆ ಹೊಂಟೀವಿ.”

“ಸೊಂಟಾನೂ ಬರ್ತೈತೇನ್ರಿ?” ಎಂದೆ.

ಅವರಿಗೆ ಕೇಳಿಸಲಿಲ್ಲ. ಕೇಳಿಸಬಾರದ ಮಾತು ಕೇಳಿಸದಂತೆ ದೇವರು ಗಂಡಸರಿಗೆ ಕಿವಿ ಕೊಟ್ಟಿದ್ದಾನೆ. ಆ ಐವರು ಹಳೆಯ ಹಾಸ್ಟೆಲ್ ಗೆಳೆಯರು: ಹಡಗಲಿಯ ವಕೀಲರು, ಹರಪನಹಳ್ಳಿಯ ಹಲ್ಲಿನ ಡಾಕ್ಟರು, ಕೂಡ್ಲಿಗಿಯ ಕಂಟ್ರಾಕ್ಟರು, ಹಗರಿಬೊಮ್ಮನಹಳ್ಳಿಯ ಬಟ್ಟೆ ಅಂಗಡಿಯವರು, ಕೊಟ್ಟೂರಿನಿಂದ ನಮ್ಮವರು. ಚುನಾವಣೆಗೆ ನಿಂತವರ ಹಾಗೆ ಊರಿಗೊಬ್ಬರು. ಐವರಿಗೂ ಒಂದೇ ತರಹದ ಕರಿ ಜಾಕೆಟ್ಟು, ಎದೆಯ ಮೇಲೆ ಬಾಯಿ ತೆರೆದ ಹುಲಿ. ಅದರ ಗುಂಡಿ ಹಾಕಲು ಹೊಟ್ಟೆಗಳು ಒಪ್ಪದ ಕಾರಣ ಹುಲಿಗೆ ಯಾವಾಗಲೂ ಅರ್ಧ ಮುಖ ಆ ಕಡೆ, ಅರ್ಧ ಮುಖ ಈ ಕಡೆ.

ಶ್ರಾವಣ ಮಾಸ! ಮನೆಯ ಯಜಮಾನ ಸೋಮವಾರ ಸೋಮವಾರ ಉಪವಾಸವಿದ್ದು ಪೂಜೆಗೆ ಕೂರಬೇಕಾದ ತಿಂಗಳು. ಇವರು ಮೊಣಕಾಲುದ್ದ ಚರ್ಮದ ಬೂಟು ಹಾಕಿಕೊಂಡು ಹೊರಟು ನಿಂತರು. ನಾನು ಬೈದೆ, ಸುಳ್ಳು ಯಾಕೆ ಹೇಳಲಿ. ರೊಟ್ಟಿ ಬಡಿಯುತ್ತಾ ಬೈದೆ, ಶೇಂಗಾ ಚಟ್ನಿ ಕುಟ್ಟುತ್ತಾ ಬೈದೆ. ಆ ಕಡೆ ತಿನ್ನಲು ಏನು ಸಿಗುತ್ತದೋ ಏನೋ ಎಂದು ಖಡಕ್ ರೊಟ್ಟಿಯ ಗಂಟು ಕಟ್ಟಿದ್ದು ಬೈಯುತ್ತಲೇ. ಅತ್ತೆ ಮಾತ್ರ ಬೈಕಿನ ಹಣೆಗೆ ವಿಭೂತಿ ಹಚ್ಚಿ, “ಹೋಗಿ ಬರ್ಲಿ ಬಿಡವ್ವಾ, ನನ್ನ ಮಗ ಇನ್ನೂ ಸಣ್ಣಾವ ಅದಾನ,” ಎಂದರು. ಆ ಬೈಕುಗಳಾದರೂ ಮನೆಯಿಂದ ನೇರ ಲಡಾಖಿಗೆ ಓಡಿದವೇ? ಇಲ್ಲ. ಚಂಡೀಗಡದವರೆಗೆ ಅವು ಲಾರಿಯಲ್ಲಿ ಮಲಗಿ ಹೋದವು, ಇವರು ರೈಲಿನಲ್ಲಿ ಮಲಗಿ ಹೋದರು. ಇದಕ್ಕೆ ಸಾಹಸ ಎಂದು ಹೆಸರು.

ಮೊದಮೊದಲು ದಿನಾ ಫೋನು ಬರುತ್ತಿತ್ತು. “ಇಲ್ಲಿ ಒಂದು ಗಿಡ ಇಲ್ಲ, ಒಂದು ಮನಿ ಇಲ್ಲ, ಮನುಷ್ಯಾರ ಸುಳಿವ ಇಲ್ಲ. ಎತ್ತ ನೋಡಿದ್ರೂ ಬರೇ ಕಲ್ಲು ಗುಡ್ಡ. ಎಷ್ಟು ಚೆಂದ ಐತಿ ಗೊತ್ತೇನ!” ಎಂದು ಉಸಿರು ಎಳೆಯುತ್ತಾ ಹೇಳುತ್ತಿದ್ದರು. ಅಲ್ಲಿ ಗಾಳಿಯೂ ಕಡಿಮೆಯಂತೆ.

“ಕಲ್ಲು ಗುಡ್ಡ ಕೂಡ್ಲಿಗ್ಯಾಗ ಇಲ್ಲೇನ್ರಿ? ಅಲ್ಲಾದ್ರ ಗಾಳೀನೂ ಐತಿ,” ಎಂದೆ.

“ನಿನಗ ತಿಳಿಯಂಗಿಲ್ಲ ಬಿಡು,” ಎಂದರು. ಹೌದು, ತಿಳಿಯುವುದಿಲ್ಲ. ದೇವರು ದಯೆಯಿಟ್ಟು ಕೊಟ್ಟ ಗಾಳಿ, ನೀರು, ಅನ್ನ ಬಿಟ್ಟು, ಅದ್ಯಾವುದೂ ಇಲ್ಲದ ಜಾಗ ಹುಡುಕಿಕೊಂಡು ಹೋಗುವುದು ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ.

ಆಮೇಲೆ ಫೋನು ನಿಂತಿತು. ಒಂದು ದಿನ ಸುಮ್ಮನಿದ್ದೆ. ಮರುದಿನ ಟೀವಿಯಲ್ಲಿ ಆ ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ ಎಂದು ತೋರಿಸಿದರು. ಮಣ್ಣಿನಡಿ ಒಂದು ಲಾರಿಯ ಮೂತಿ ಮಾತ್ರ ಕಾಣುತ್ತಿತ್ತು. ಅತ್ತೆ ಕೂತಲ್ಲೇ ಕೂತರು. ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಒಣಗಿತು. ಹಿಟ್ಟಿನ ಕೈಯಲ್ಲೇ ನಮ್ಮ ಓಣಿಯ ಈರಣ್ಣನ ಗುಡಿಗೆ ಓಡಿದೆ. ಈರಣ್ಣ ಎಂದರೆ ವೀರಭದ್ರ, ಖಡ್ಗ ಹಿಡಿದ ಸಿಟ್ಟಿನ ದೇವರು. ನನಗೂ ಅವನಿಗೂ ಮೊದಲಿನಿಂದ ಹೊಂದಾಣಿಕೆ.

ನಮ್ಮ ಮನೆತನದ ಹೆಂಗಸರಿಗೆ ಹರಕೆ ಹೊರುವುದೆಂದರೆ ಬಾಯಿಗೆ ಪ್ರೀತಿಯಾದದ್ದನ್ನು ಬಿಡುವುದು. ಮಗನಿಗೆ ಟೈಫಾಯ್ಡ್ ಬಂದಾಗ ನಾನು ಮಾವಿನಹಣ್ಣು ಬಿಟ್ಟೆ. ಮಗಳ ಬಾಣಂತನ ಸಸೂತ್ರವಾಗಲೆಂದು ಮಿರ್ಚಿ ಬಜ್ಜಿ ಬಿಟ್ಟೆ. ಕೊಟ್ಟೂರಿನಲ್ಲಿದ್ದು ಮಿರ್ಚಿ ಬಿಡುವುದೆಂದರೆ ಏನೆಂದು ಇಲ್ಲಿಯವರಿಗೇ ಗೊತ್ತು. ಅತ್ತೆಯ ಕಣ್ಣಿನ ಪೊರೆ ತೆಗೆಸುವಾಗ ಹೋಳಿಗೆ ಬಿಟ್ಟೆ, ಅತ್ತೆಗೆ ಈಗ ನಾನು ಮಾಡುವ ತಪ್ಪುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಅವತ್ತು ಈರಣ್ಣನ ಮುಂದೆ ನಿಂತು ನೋಡುತ್ತೇನೆ, ಬಿಡಲು ಏನೂ ಉಳಿದಿಲ್ಲ! ಗಂಡನ ಜೀವಕ್ಕೆ ಹಾಗಲಕಾಯಿ ಬಿಡುತ್ತೇನೆಂದರೆ ದೇವರು ನಗುವುದಿಲ್ಲವೇ? ಬಾಯಿಗೆ ಪ್ರೀತಿಯಾದದ್ದು ಇನ್ನೇನಿದೆ ಎಂದು ಯೋಚಿಸಿದೆ. ಹೊಳೆಯಿತು. “ಈರಣ್ಣಾ, ಅವರನ್ನು ಜೀವಸಹಿತ ಮನಿಗಿ ಕಳಿಸು. ಅವರನ್ನು ಬೈಯೋದು ಬಿಡ್ತೀನಿ,” ಎಂದು ಕೈಮುಗಿದೆ.

ದೇವರಿಗೂ ಅದು ದೊಡ್ಡ ಕಾಣಿಕೆ ಎನ್ನಿಸಿರಬೇಕು. ಗುಡಿಯಿಂದ ಮನೆಗೆ ಬರುವುದರೊಳಗೆ ಫೋನು ಬಂತು. “ಸಿಗ್ನಲ್ ಇರ್ಲಿಲ್ಲ. ಟೆಂಟಿನಾಗ ಆರಾಮ ಮಲಗಿದ್ವಿ. ಡಾಕ್ಟ್ರು ಏನ್ ಚಲೋ ಉಪ್ಪಿಟ್ಟು ಮಾಡ್ತಾರ ಅಂತೀನಿ!”

ಉಪ್ಪಿಟ್ಟು! ನಾನು ಬಾಯಿ ತೆರೆದೆ. ಈರಣ್ಣನ ಖಡ್ಗ ಕಣ್ಣ ಮುಂದೆ ಬಂತು. “ಚಲೋ ಆತು,” ಎಂದು ಫೋನಿಟ್ಟೆ.

ಹರಕೆಯನ್ನು ಯಾರ ಸಲುವಾಗಿ ಹೊತ್ತೆವೋ ಅವರ ಕಿವಿಗೆ ಹಾಕಬಾರದು, ಫಲ ಹೋಗುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಅದಕ್ಕೇ ನಾನು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆಯಲು ಅಡ್ಡಿಯಿಲ್ಲ. ಅವರು ಓದುವುದು ಗೊಬ್ಬರದ ಚೀಲದ ಮೇಲಿನ ಅಕ್ಷರ ಮಾತ್ರ.

ಅವರು ಮನೆಗೆ ಬಂದರು. ಮುಖ ಸುಟ್ಟ ಬದನೆಕಾಯಿಯಾಗಿತ್ತು, ಸೊಂಟ ಮಾತ್ರ ನೆಟ್ಟಗಿತ್ತು. ನನ್ನ ಖಡಕ್ ರೊಟ್ಟಿಯನ್ನು ಯಾರೋ ಸಿಪಾಯಿಗಳಿಗೆ ಹಂಚಿ ಬಂದಿದ್ದರು, ಹೋಗಲಿ, ಪುಣ್ಯದ ಕೆಲಸ. ಒಂದು ವಾರ ಇಬ್ಬರೂ ಚೆನ್ನಾಗಿಯೇ ಇದ್ದೆವು. ಆಮೇಲೆ ಶುರುವಾಯಿತು ನೋಡಿ. ಮನೆಯ ಮುಂದಿದ್ದ ಬೈಕನ್ನು ತಂದು ಪಡಸಾಲೆಯಲ್ಲಿ ನಿಲ್ಲಿಸಿದರು. ನಾನು ನುಂಗಿದೆ. ಮಣ್ಣಿನ ಬೂಟನ್ನು ದೇವರಮನೆಯ ಹೊಸ್ತಿಲ ಬಳಿ ಬಿಟ್ಟರು. ನುಂಗಿ, ಹೊಸ್ತಿಲು ತೊಳೆದೆ. ಇಂಜಿನ್ ಆಯಿಲಿನ ಡಬ್ಬಿ ತಂದು ನನ್ನ ತುಪ್ಪದ ಡಬ್ಬಿಯ ಪಕ್ಕ ಇಟ್ಟರು. ಅವತ್ತು ನುಂಗಿದ್ದು ಗಂಟಲಲ್ಲೇ ನಿಂತಿತು. ಅತ್ತೆಯ ಹತ್ತಿರ ಹೋಗಿ, “ನೀವಾದ್ರೂ ನಾಲ್ಕು ಮಾತು ಬೈರಿ ಅತ್ತಿ,” ಎಂದು ಬೇಡಿಕೊಂಡೆ.

“ನನಗ್ಯಾಕ ಬೇಕವ್ವಾ?” ಎಂದರು ಅತ್ತೆ, ಜಪಮಣಿ ಎಣಿಸುತ್ತಾ. “ನೀ ಈ ಮನಿಗಿ ಬಂದ ದಿನಾನೇ ಆ ಕೆಲಸ ನಿನಗ ಬಿಟ್ಟುಕೊಟ್ಟೀನಿ. ನಿನ್ನಷ್ಟು ಚಂದ ನನಗ ಬರಂಗೂ ಇಲ್ಲ.”

ಕಡೆಗೆ ಒಂದು ಸೋಮವಾರ ಈರಣ್ಣನ ಗುಡಿಗೆ ಹೋಗಿ, ಅವನ ಮುಂದೆಯೇ ಬಾಯಿ ಬಿಟ್ಟೆ. “ಏನಪಾ, ನಿನಗ ಕಣ್ಣು ಕಾಣಂಗಿಲ್ಲೇನು? ಅಷ್ಟು ದೊಡ್ಡ ಗುಡ್ಡದಾಗ ಆ ಬೈಕು ಒಂದು ಕೆಡವಾಕ ನಿನಗ ಜಾಗ ಸಿಗ್ಲಿಲ್ಲೇನು? ಮನುಷ್ಯಾನ್ನ ಉಳಿಸು ಅಂದ್ರ ಬೈಕನ್ನೂ ಉಳಿಸಿ ಕಳಿಸೀ!”

“ಮೆಲ್ಲಕ ಬೈರಿ ಅಕ್ಕಾರ, ಹಿಂದ ಪಾಳಿ ಐತಿ,” ಎಂದರು ಪೂಜಾರಿ. ಆಮೇಲೆ ನನ್ನ ಮುಖ ನೋಡಿ ಹಿಗ್ಗಿದರು. “ಅಲ್ಲಾ, ನಿಮ್ಮ ಬಾಯಿ ಚಲೋನ ಐತಲ್ಲ! ಅಣ್ಣಾರು ಸುಮ್ಮನ ಹೆದರ್ಯಾರ.”

“ಯಾಕ ಹೆದರ್ಯಾರ?”

ಪೂಜಾರಿ ಆ ಕಡೆ ಈ ಕಡೆ ನೋಡಿದರು. “ಹೋದ ವಾರ ಬಂದು ಇಲ್ಲೇ ನಿಂತು ಕಣ್ಣಾಗ ನೀರು ತಂದ್ರು. ‘ಮನಿಯಾಕಿ ಬೈಯೋದು ನಿಲ್ಲಿಸ್ಯಾಳ. ಏನು ಮಾಡಿದ್ರೂ ಬೈವಲ್ಲಳು. ಬೈಕ್ ತಂದು ಪಡಸಾಲ್ಯಾಗ ನಿಲ್ಲಿಸೀನಿ, ಎಣ್ಣಿ ಡಬ್ಬಿ ತುಪ್ಪದ ಹತ್ರ ಇಟ್ಟೀನಿ, ಆದ್ರೂ ಒಂದು ಮಾತಿಲ್ಲ. ಒಳಗ ಏನೋ ರೋಗ ಮುಚ್ಚಿಟ್ಟಾಳ’ ಅಂದ್ರು. ಆಕಿ ಮೊದಲಿನಂಗ ಬೈದ್ರ ಬೈಕ್ ಮಾರಿಬಿಡ್ತೀನಿ ಅಂತ ಹರಕಿ ಹೊತ್ತು ಹೋದ್ರು.” ಇಷ್ಟು ಹೇಳಿ ನಾಲಿಗೆ ಕಚ್ಚಿಕೊಂಡರು.

ಹಾಗಾದರೆ ಆ ಬೂಟು, ಆ ಡಬ್ಬಿ, ಎಲ್ಲವೂ ಬೇಕೆಂದೇ! ನನ್ನನ್ನು ಬೈಯಿಸಲಿಕ್ಕೆ! ನಾನು ಒಂದು ಮಾತು ಬೈದರೆ ಬೈಕು ಮನೆಯಿಂದ ಹೋಗುತ್ತದೆ, ಆದರೆ ಬೈದರೆ ನನ್ನ ಹರಕೆ ಮುರಿಯುತ್ತದೆ. ಪೂಜಾರಿಗೆ ನನ್ನ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ನಕ್ಕು, “ಅಣ್ಣಾರು ಜೀವಸಹಿತ ಬಂದ ಮ್ಯಾಲ ಇನ್ನೇನೈತಿ? ತಪ್ಪುಕಾಣಿಕಿ ಹಾಕ್ರಿ, ಒಂದು ಕಾಯಿ ಒಡಸ್ರಿ. ಈರಣ್ಣ ಬಿಡುಗಡಿ ಕೊಡ್ತಾನ,” ಎಂದರು. ಹಾಕಿದೆ. ಒಡೆಸಿದೆ. ಕಾಯಿ ಸರಿಯಾಗಿ ಎರಡು ಹೋಳಾಯಿತು, ಒಳಗೆ ಬೆಳ್ಳಗೆ ಚೆನ್ನಾಗಿತ್ತು. ಅದೂ ಅವನ ದಯೆ.

ಮನೆಯ ಕಡೆ ಹೇಗೆ ನಡೆದೆನೋ ಗೊತ್ತಿಲ್ಲ. ಲಡಾಖಿನಿಂದ ಹಿಡಿದು ಉಪ್ಪಿಟ್ಟಿನವರೆಗೆ ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡೆ. ಯಾವುದು ಮೊದಲು, ಯಾವುದು ಆಮೇಲೆ, ಅವರ ಸೊಂಟದ ಮಾತಿಗೆ ಎಲ್ಲಿ ಬರಬೇಕು, ಎಲ್ಲವೂ ಸಿದ್ಧವಾಗಿತ್ತು. ಪಡಸಾಲೆಗೆ ಕಾಲಿಟ್ಟೆ. ನಮ್ಮವರು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಚೈನು ಒರೆಸುತ್ತಿದ್ದರು. ಒರೆಸುತ್ತಿದ್ದುದು ನನ್ನ ಪೂಜೆಯ ಮಡಿಸೀರೆಯ ಸೆರಗಿನಿಂದ.

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. ಅವರು ತಲೆಯೆತ್ತಿದರು. ಆ ಮುಖದಲ್ಲಿ ಆಸೆಯಿತ್ತು ನೋಡಿ! ಬಸ್ಸು ಬಂತೇನೋ ಎಂದು ರಸ್ತೆ ನೋಡುವವರ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದರು. ಚೈನು ಒರೆಸುತ್ತಿದ್ದ ಕೈ ಅಲ್ಲೇ ನಿಂತಿತ್ತು. ನನಗಿಲ್ಲದ ರೋಗಕ್ಕೆ ಹೆದರಿದ ಕೈ. ಮರುಕವೇನೋ ಬಂತು, ಸುಳ್ಳಲ್ಲ. ಆದರೆ ಮಡಿಸೀರೆ! ಅವರು ಕಾಯುತ್ತಿದ್ದ ಬೈಗುಳವನ್ನು ಅವರ ಕೈಗಿಡುವಷ್ಟು ನನ್ನ ಸಿಟ್ಟಿನ್ನೂ ಇಳಿದಿರಲಿಲ್ಲ.

“ಇನ್ನೊಂದು ಸೀರಿ ಕೊಡ್ಲೇನ್ರಿ? ಅದು ಪೂರಾ ಕರ್ರಗಾಗೈತಿ,” ಎಂದೆ, ಬಹಳ ಮೆತ್ತಗೆ.

ಅವರ ಮುಖ ಇಳಿದುಹೋಯಿತು. ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ. ನಾಳೆ ಬೈಯೋಣ ಎಂದುಕೊಂಡೆ. ಮರುದಿನ ಅವರು ಹೆಲ್ಮೆಟ್ಟನ್ನು ರೊಟ್ಟಿ ಬುಟ್ಟಿಯ ಮೇಲಿಟ್ಟು ಕಾದು ಕೂತಿದ್ದರು, ಆವತ್ತೂ ನಾಳೆ ಎಂದುಕೊಂಡೆ. ಬೈಕು ಇನ್ನೂ ಪಡಸಾಲೆಯಲ್ಲೇ ಇದೆ, ಹಾಯುವಾಗ ದಿನಾ ಮೊಣಕಾಲಿಗೆ ತಾಗುತ್ತದೆ. ಮೊದಲಾದರೆ ನಮ್ಮವರನ್ನು ಬೈಯಬಹುದಿತ್ತು. ಈಗ ಅದು ಅಲ್ಲಿ ನಿಂತಿರುವುದು ನನ್ನಿಂದಲೇ.