ಮೂಡಬಿದಿರೆಯ ಬಾಗಿಲು, ಬಂಟ್ವಾಳದ ಚಾವಡಿ

"ಟಪ್" ಎಂದು ಕ್ಲ್ಯಾಪ್ ಬೋರ್ಡ್ ಬಡಿಯುವ ಸದ್ದು, ಅದರ ಬೆನ್ನಿಗೇ "ಸೈಲೆನ್ಸ್" ಎಂಬ ಕೂಗು, ಅದರ ಬೆನ್ನಿಗೆ ನನ್ನ ದೊಡ್ಡಕ್ಕನ ಸ್ವರ: "ಯಾರಿಗೆ ಹೇಳುವುದು ನೀನು? ಇದು ನನ್ನ ಮನೆ." ಶೂಟಿಂಗಿನ ದಿನ ಈ ಮೂರು ಸದ್ದುಗಳು ಇದೇ ಕ್ರಮದಲ್ಲಿ ಹನ್ನೊಂದು ಸಲ ಕೇಳಿದವು. ಹನ್ನೆರಡನೆಯ ಸಲಕ್ಕೆ ಡೈರೆಕ್ಟರೇ ಎದ್ದು ಬಂದು ಕೈ ಮುಗಿದ. ಇಂಥ ಹಟಮಾರಿ ಹೆಂಗಸು ಘಟ್ಟದ ಮೇಲೂ ಸಿಗಲಿಕ್ಕಿಲ್ಲ, ಕೆಳಗೂ ಸಿಗಲಿಕ್ಕಿಲ್ಲ. ಸಿಕ್ಕಿದರೆ ಒಬ್ಬಳೇ, ಬಂಟ್ವಾಳದಲ್ಲಿ. ಅವಳು ನನ್ನ ಸಣ್ಣಕ್ಕ.

ದೊಡ್ಡಕ್ಕ ಮೂಡಬಿದಿರೆ, ಸಣ್ಣಕ್ಕ ಬಂಟ್ವಾಳ, ನಾನು ಬೆಳ್ತಂಗಡಿ. ಮೂವರೂ ಒಂದೇ ಕಾನ್ವೆಂಟಿನಲ್ಲಿ ಕಲಿತವರು. ಜಗಳವಾಡಿದ ಮಕ್ಕಳನ್ನು ಎದುರುಬದುರು ನಿಲ್ಲಿಸಿ "ಸೇ ಸಾರಿ" ಎನ್ನಿಸುವುದು ಅಲ್ಲಿಯ ಸಿಸ್ಟರ್‌ಗಳ ಪದ್ಧತಿ. ಅಕ್ಕಂದಿರಿಬ್ಬರಿಗೂ ಇಂಗ್ಲಿಷ್ ಪೂರಾ ಬಂತು, ಆ ಒಂದು ಶಬ್ದ ಬಿಟ್ಟು. ಹಾಗಾಗಿ ಮನೆಯ ಸಾರಿಗಳೆಲ್ಲ ನನ್ನ ಪಾಲಿಗೆ ಬಂದವು. ಕಿರಿಯವಳಲ್ಲವೇ, ವಾಟ್ ಟು ಡೂ?

ಆರು ವರ್ಷದ ಹಿಂದೆ ಸಣ್ಣಕ್ಕನ ಮಗಳ ಮದುವೆಯಾಯಿತು. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಯವರೆಗೆ ಹೋಗಿ, ಕುಳಿತು, ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಹೇಳಿಕೆ ಎಂದೇ ಹೆಸರು. ಆಗ ಸಣ್ಣಕ್ಕನಿಗೆ ಮೊಣಕಾಲು ನೋವು. ಪೂರ್ ಥಿಂಗ್, ಅಕ್ಕನಿಗೆ ವಾಟ್ಸಾಪಿನಲ್ಲೇ ಕಾರ್ಡ್ ಕಳಿಸಿದಳು. ಒತ್ತಿದರೆ ಗುಲಾಬಿ ಅರಳಿ ನಾದಸ್ವರ ಕೇಳುವ ಕಾರ್ಡ್.

"ಗುಲಾಬಿ ಬಂತು. ತಂಗಿ ಬರ್ಲಿಲ್ಲ" ಎಂದು ದೊಡ್ಡಕ್ಕ ಮದುವೆಗೇ ಹೋಗಲಿಲ್ಲ. "ಅವಳು ನನ್ನ ಬಾಗಿಲಿಗೆ ಬಂದು ಕರೆಯುವ ತನಕ ಅವಳ ಚಾವಡಿ ತುಳಿಯುವುದಿಲ್ಲ."

"ಮಗಳ ಮದುವೆಗೆ ಬಾರದವಳ ಬಾಗಿಲಿಗೆ ನಾನ್ಯಾಕೆ ಹೋಗ್ಲಿ?" ಎಂದಳು ಸಣ್ಣಕ್ಕ.

ಅಲ್ಲಿಗೆ ಮಾತು ನಿಂತಿತು. ಫೋನಾದರೂ ಮಾಡು ಎಂದರೆ ದೊಡ್ಡಕ್ಕನದು ಒಂದೇ ಉತ್ತರ: "ಫೋನಿನಲ್ಲಿ ಬಂದ ಜಗಳ ಫೋನಿನಲ್ಲಿ ಹೋಗುವುದಿಲ್ಲ."

ಇಂತಿರಲು ಸಿನೆಮಾದವರು ಬಂದರು. ಮಂಗಳೂರು ಸಿಟಿಯಲ್ಲಿ ನಡೆಯುವ ಲವ್ ಸ್ಟೋರಿ, ತುಂಬ ಕಾಮಿಡಿ. ಹೀರೋಯಿನ್ನಿಗೆ ಸಿಟಿಯೊಳಗೆ ಒಂದು ಹಳೆಯ ಹೆಂಚಿನ ಮನೆ ಬೇಕು. ಸಿಟಿಯಲ್ಲಿ ಅಂಥವೆಲ್ಲ ಈಗ ಫ್ಲ್ಯಾಟ್. ಆದ್ದರಿಂದ ಸಿಟಿಯೇ ಎದ್ದು ಮೂಡಬಿದಿರೆಗೆ ಬಂತು. ದೊಡ್ಡಕ್ಕನ ನೀಲಿ ಬಾಗಿಲು ನೋಡಿ ಲೊಕೇಶನ್ ಹುಡುಕುವವನು ಕುಣಿದಾಡಿದ. ಒಳಗೆ ಇಣುಕಿದವನ ಮುಖ ಮಾತ್ರ ಚಿಕ್ಕದಾಯಿತು. ಅಕ್ಕನ ಚಾವಡಿ, ಎಂದರೆ ಬಾಗಿಲ ಒಳಗಿನ ಪಡಸಾಲೆ, ಇಕ್ಕಟ್ಟು, ಹಗಲಲ್ಲೂ ಲೈಟ್ ಹಾಕಬೇಕು.

ಕ್ರೈಮ್ ಮಾಡಿದವಳು ನಾನು. ಅವನಿಗೆ ಚಹಾ ಕೊಡುವಾಗ "ಬಂಟ್ವಾಳದಲ್ಲಿ ನಮ್ಮ ಇನ್ನೊಬ್ಬ ಅಕ್ಕನ ಚಾವಡಿ ಉಂಟು, ದೊಡ್ಡದು, ಉಯ್ಯಾಲೆ ಸಹ ಉಂಟು" ಎಂದು ಪಿಸುಗುಟ್ಟಿದೆ. ನನ್ನನ್ನು ಬೆಳ್ತಂಗಡಿಗೆ ಬಿಡಲು ಬಂದಾಗ ಅವನಿಗೆ ನನ್ನ ಕಾಂಪೌಂಡ್ ಗೋಡೆಯೂ ಹಿಡಿಸಿತು. ದೊಡ್ಡಕ್ಕನಿಗೆ ನಾನು ಯಾವುದನ್ನೂ ಹೇಳಲಿಲ್ಲ. ಆನೆಸ್ಟ್ಲಿ, ಧೈರ್ಯ ಬರಲಿಲ್ಲ.

ಸಿನೆಮಾ ಬಂದ ವಾರವೇ ಅಕ್ಕ ನನ್ನನ್ನು ಟಾಕೀಸಿಗೆ ಎಳೆದುಕೊಂಡು ಹೋದಳು. ಹೀರೋಯಿನ್ ನೀಲಿ ಬಾಗಿಲು ತಳ್ಳಿದಳು. ಅಕ್ಕ ಸೀಟಿನಲ್ಲಿ ನೆಟ್ಟಗಾದಳು. ಮರುಕ್ಷಣ ಆ ಹುಡುಗಿ ಬಂಟ್ವಾಳದ ಉಯ್ಯಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಾಳೆ.

"ಇದು ಯಾರ ಚಾವಡಿ?" ಇಡೀ ಟಾಕೀಸಿಗೆ ಕೇಳುವ ಹಾಗೆ ಅಕ್ಕ ಕೇಳಿದಳು. "ನನ್ನ ಬಾಗಿಲಿನ ಒಳಗೆ ಅವಳ ಚಾವಡಿ ಹೇಗೆ ಬಂತು?"

ಅಷ್ಟರಲ್ಲಿ ಹುಡುಗಿ ಕಿಟಕಿಗೆ ಓಡಿದಳು. ಹೊರಗೆ ನನ್ನ ಗೋಡೆ, ಅದರ ಮೇಲೆ ಹೀರೋ.

"ಬಂಟ್ವಾಳದ ಕಿಟಕಿಯಿಂದ ಬೆಳ್ತಂಗಡಿ ಕಾಣ್ತದಾ? ಅವನ ಹಿಂದೆ ಹಗ್ಗದಲ್ಲಿ ನೇತಾಡುವುದು ನಿನ್ನ ನೈಟಿ ಅಲ್ವಾ ಮಾರಾಯ್ತಿ?"

ಹೌದು. ನನ್ನ ನೈಟಿ ಎರಡು ಸೆಕೆಂಡ್ ಆ್ಯಕ್ಟ್ ಮಾಡಿದೆ. ಹೀರೋನಿಗಿಂತ ಸಹಜವಾಗಿ.

ಸಿನೆಮಾ ಓಡಿತು. ಜನ ಮೊಬೈಲ್ ಹಿಡಿದು ದೊಡ್ಡಕ್ಕನ ಬಾಗಿಲಿಗೆ ಬರತೊಡಗಿದರು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಕಾಯುವಳು. ಬಂದವರು ಫೋಟೋ ತೆಗೆದು ಒಳಗೆ ಇಣುಕಿ "ಅಜ್ಜಿ, ಉಯ್ಯಾಲೆ ಎಲ್ಲಿ?" ಎನ್ನುವರು. ಬಂಟ್ವಾಳ ಎಂಬ ಶಬ್ದ ಅಕ್ಕನ ಬಾಯಿಂದ ಹೊರಡಬೇಕಲ್ಲ. "ರಿಪೇರಿಗೆ ಹೋಗಿದೆ" ಎನ್ನುವಳು. ಒಂದು ಉಯ್ಯಾಲೆಯನ್ನು ಎಷ್ಟು ತಿಂಗಳು ರಿಪೇರಿ ಮಾಡಬಹುದು? ಕಡೆಗೆ ಮರಗೆಲಸದ ಆಚಾರಿಯನ್ನು ಕರೆಸಿದಳು, ನನ್ನ ಕೈಗೆ ಅಳತೆ ಟೇಪ್ ಕೊಟ್ಟಳು.

"ಅವಳದ್ದು ಎಷ್ಟು ಉದ್ದ ಉಂಟು, ಅಳೆದುಕೊಂಡು ಬಾ. ನಾನು ಹೇಳಿದ್ದೂಂತ ಹೇಳ್ಬೇಡ."

ಬಂಟ್ವಾಳಕ್ಕೆ ಹೋದರೆ ಅಲ್ಲಿ ಬೇರೆಯೇ ಗೋಳು. ಬಂದವರೆಲ್ಲ ನೀಲಿ ಬಾಗಿಲು ಎಲ್ಲಿ ಎಂದು ಕೇಳಿ ಸಣ್ಣಕ್ಕನ ತಲೆ ತಿನ್ನುತ್ತಿದ್ದರು. "ಅವಳ ಬಾಗಿಲಿನ ನೀಲಿ ಯಾವ ನೀಲಿ? ಮುಂದಿನ ಸಲ ಉಗುರಿನಲ್ಲಿ ಸ್ವಲ್ಪ ಕೆರೆದುಕೊಂಡು ಬಾ. ನಾನು ಕೇಳಿದ್ದೂಂತ ಹೇಳ್ಬೇಡ." ನನ್ನ ಹ್ಯಾಂಡ್‌ಬ್ಯಾಗಿನ ಒಂದು ಖಾನೆಯಲ್ಲಿ ಟೇಪು, ಇನ್ನೊಂದರಲ್ಲಿ ಬಣ್ಣದ ಚಕ್ಕೆ. ಅರವತ್ತಾರನೇ ವಯಸ್ಸಿನಲ್ಲಿ ನಾನು ಡಬಲ್ ಏಜೆಂಟ್ ಆದೆ.

ಎರಡು ತಿಂಗಳೊಳಗೆ ಮೂಡಬಿದಿರೆಯಲ್ಲಿ ಬಂಟ್ವಾಳದ ಉಯ್ಯಾಲೆ, ಬಂಟ್ವಾಳದಲ್ಲಿ ಮೂಡಬಿದಿರೆಯ ಬಾಗಿಲು. ಇಬ್ಬರು ಮಾಲಕಿಯರು ಮಾತ್ರ ಇದ್ದಲ್ಲೇ. ದೊಡ್ಡಕ್ಕನ ಇಕ್ಕಟ್ಟಿನಲ್ಲಿ ಉಯ್ಯಾಲೆ ತೂಗಿದರೆ ಕಾಲು ಗೋಡೆಗೆ ಬಡಿಯುತ್ತಿತ್ತು. ಒಂದು ಸಂಜೆ ಅದರಲ್ಲಿ ಅಲುಗದೆ ಕುಳಿತವಳು ಸುಮ್ಮನೆ ಕೇಳಿದಳು: "ಅವಳ ಮೊಣಕಾಲು ಈಗ ಹೇಗುಂಟು?" ಆರು ವರ್ಷದಲ್ಲಿ ಮೊದಲ ಸಲ. ನಾನು ಉತ್ತರ ಕೊಡುವಷ್ಟರಲ್ಲಿ "ಬೇಡ, ಹೇಳ್ಬೇಡ" ಎಂದು ಎದ್ದುಹೋದಳು.

ಮರುದಿನ ಮಾಣಿ ಎಂಬ ಊರಿನಿಂದ ಹೊಸ ಜೋಡಿಯೊಂದು ಕಾರಿನಲ್ಲಿ ಬಂತು. ಹುಡುಗಿ ಉಯ್ಯಾಲೆ ನೋಡಿದಳು, ಗೋಡೆ ನೋಡಿದಳು. ಮೆತ್ತಗೆ ಹೇಳಿದಳು: "ಅಜ್ಜಿ, ಇದು ಆ ಚಾವಡಿ ಅಲ್ಲ. ಅದರಲ್ಲಿ ಬೆಳಕು ಉಂಟು."

ಅಕ್ಕ ಚಪ್ಪಲಿ ಮೆಟ್ಟಿದಳು. "ನೀವು ವಾಪಸು ಹೋಗುವುದು ಬಂಟ್ವಾಳದ ಮೇಲೆಯೇ ಅಲ್ವಾ? ಕಾರಿನಲ್ಲಿ ಇಬ್ಬರಿಗೆ ಜಾಗ ಉಂಟಾ?"

ನಾನು ಅವಳ ಸೆರಗು ಹಿಡಿದೆ. "ಅಕ್ಕಾ, ಅವಳು ಬಂದು ಕರೆಯಲಿಲ್ಲವಲ್ಲ?"

"ಕರೆಯುವುದು ಎಂತಕ್ಕೆ? ನಾನು ಅವಳ ಮನೆಗೆ ಹೋಗುವುದಲ್ಲ. ನನ್ನ ಬಾಗಿಲಿನಿಂದ ಒಳಗೆ ಹೋಗುವುದು. ಒಳಗೆ ಬಂಟ್ವಾಳ ಇದ್ರೆ ಅದು ನನ್ನ ತಪ್ಪಾ? ಹತ್ತು, ಹೋಗುವ."

ಯಾವ ವಕೀಲ ಇಂಥ ಪಾಯಿಂಟ್ ತೆಗೆದಾನು?

ಸುಮಾರು ಒಂದು ಗಂಟೆಯ ದಾರಿ. ಸಿದ್ದಕಟ್ಟೆ ದಾಟಿದ ಮೇಲೆ ಅಕ್ಕ ಒಮ್ಮೆ "ಸ್ವಲ್ಪ ನಿಧಾನ ಬಿಡು ಮಗಾ" ಎಂದಳು. ಕಾರು ನಿಧಾನವಾಗಿಯೇ ಹೋಗುತ್ತಿತ್ತು.

ಬಂಟ್ವಾಳದ ನೀಲಿ ಬಾಗಿಲಿನ ಮೇಲೆ ಬೆರಳಾಡಿಸಿ "ನೀಲಿ ಒಂದು ಚೂರು ಜಾಸ್ತಿ ಆಯ್ತು" ಎಂದಳು. ಆಮೇಲೆ ತಳ್ಳಿದಳು. ಸಣ್ಣಕ್ಕ ಉಯ್ಯಾಲೆಯಲ್ಲಿ ಅವರೆಕಾಳು ಸುಲಿಯುತ್ತಿದ್ದಳು. ತಲೆ ಎತ್ತಿದಳು. ಹೊಸ ಜೋಡಿ ಮೊಬೈಲ್ ಎತ್ತುವುದನ್ನೇ ಮರೆತು ನಿಂತಿತು.

"ಬಾಗಿಲಿನಿಂದ ಚಾವಡಿಗೆ ಬರ್ಲಿಕ್ಕೆ ಆರು ವರ್ಷ ಬೇಕಾಯ್ತಾ?" ಎಂದಳು ಸಣ್ಣಕ್ಕ.

"ಬಸ್ ಲೇಟ್" ಎಂದಳು ದೊಡ್ಡಕ್ಕ.

ಸಣ್ಣಕ್ಕ ಅವರೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ದೊಡ್ಡಕ್ಕ ಕುಳಿತು ಒಂದು ಹಿಡಿ ಕೋಡು ಎತ್ತಿಕೊಂಡಳು. ಅಷ್ಟೇ. ಕಾನ್ವೆಂಟಿನ ಆ ಶಬ್ದವನ್ನು ಅವತ್ತೂ ಯಾರೂ ಹೇಳಲಿಲ್ಲ.

ಸಂಜೆ ನಾನು ಬೆಳ್ತಂಗಡಿಯ ಬಸ್ಸಿಗೆ ಹೊರಟೆ. ದೊಡ್ಡಕ್ಕ "ನಾಳೆ ಬರ್ತೇನೆ" ಎಂದವಳು ಅಲ್ಲೇ ಉಳಿದಳು. ಒಂಬತ್ತು ದಿನ ಇದ್ದಳಂತೆ, ಒಂಬತ್ತು ದಿನವೂ ಸಾರಿನ ಉಪ್ಪಿಗೆ ಜಗಳವಂತೆ. ಹತ್ತನೆಯ ಬೆಳಿಗ್ಗೆ ದೊಡ್ಡಕ್ಕ ನಿದ್ದೆಯಿಂದ ಏಳಲೇ ಇಲ್ಲವೆಂದು ಸಣ್ಣಕ್ಕ ಫೋನ್ ಮಾಡಿದಳು.

ಆದರೆ ನಾನು ಹೊರಟ ಆ ಸಂಜೆ "ಬರ್ತೇನೆ ಅಕ್ಕಾ" ಎಂದು ಕೂಗಿದಾಗ ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗುತ್ತಿದ್ದರು. ಆ ಸಿನೆಮಾದಲ್ಲಿ ಅಡುಗೆಮನೆಯ ಸೀನ್ ಇಲ್ಲ. ಅಲ್ಲಿ ಕತ್ತಲೆಯಲ್ಲಿ ಒಂದು ಮೆಟ್ಟಿಲು ಇಳಿಯಲಿಕ್ಕಿದೆ.

"ಮೆಟ್ಟಿಲು ಉಂಟು, ಜಾಗ್ರತೆ" ಎಂದಳು ಸಣ್ಣಕ್ಕ.

"ನನಗೆ ಗೊತ್ತುಂಟು" ಎಂದ ದೊಡ್ಡಕ್ಕ ತಂಗಿಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇಳಿದಳು. ನಾನು ಕೊನೆಗೆ ನೋಡಿದ್ದು ಅವಳ ಬೆನ್ನನ್ನು.